ಯಾವ ಮರದ ಕಡ್ಡಿ?

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ನಗಲಿ ಬಿಡಿ. ಅವರ ಬಾಲ್ಕನಿಯ ಕುಂಡದಲ್ಲಿರುವ ಅಂಜೂರ ಮಳೆಗಾಲ ಬಂತೆಂದರೆ ತುಕ್ಕು ರೋಗ ಹತ್ತಿ ಎಲೆಯೆಲ್ಲ ಉದುರಿಸಿ ಕೋಲಾಗಿ ನಿಲ್ಲುತ್ತದೆ. ನಮ್ಮ ಹಿತ್ತಲಿನದು ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಅಂಗೈಗಿಂತ ದೊಡ್ಡ ಎಲೆಗಳನ್ನು ಬಿಚ್ಚಿಕೊಂಡು, ಕಂಕುಳಿಗೊಂದರಂತೆ ಕಾಯಿ ಕಚ್ಚಿಕೊಂಡಿರುತ್ತದೆ. ನಾವು ಬಿಸಿಲೂರಿನವರು ಬೇರೆಯವರ ಮುಂದೆ ಎದೆಯುಬ್ಬಿಸಲು ಸಿಗುವ ಸಂದರ್ಭಗಳೇ ಕಡಿಮೆ. ಇದು ಅವುಗಳಲ್ಲೊಂದು.

ಹಿತ್ತಲಿನಲ್ಲಿ ಎರಡು ಗಿಡಕ್ಕೆ ಮಾತ್ರ ಜಾಗವಿದ್ದುದರಿಂದ ತಳಿಯ ಚರ್ಚೆ ನಮ್ಮ ಮನೆಯಲ್ಲಿ ಮದುವೆ ಮಾತುಕತೆಯ ಮಟ್ಟಕ್ಕೇ ಹೋಯಿತು. "ಬಿಸಿಲು ತಡ್ಕೊಳ್ಳೋ ತಳಿ ಯಾವುದು?" ಎಂದು ನಾನು ಎಲ್ಲರನ್ನೂ ಕೇಳುತ್ತಿದ್ದೆ. ಕುರುಗೋಡಿನ ಕಡೆ ಅಂಜೂರ ಮಾಡಿರುವ ಪರಿಚಯದ ರೈತರೊಬ್ಬರು ಅದಕ್ಕೆ ನಕ್ಕುಬಿಟ್ಟರು. "ಬಿಸ್ಲಿಗೆ ಅದಕ್ಕೇನೂ ಆಗಂಗಿಲ್ಲ ಸರ. ಹಣ್ಣು ಬರೋ ಟೈಮಿಗೆ ಮಳಿ ಬಂತಂದ್ರ ನಮ್ಮ ಕಥಿ ಮುಗೀತು. ಅದನ್ನ ಕೇಳ್ರಿ."

ಅವರು ಹಣ್ಣೊಂದನ್ನು ಕಿತ್ತು ತಲೆಕೆಳಗು ಮಾಡಿ ತೋರಿಸಿದರು. ತೊಟ್ಟಿನ ಎದುರು ತುದಿಯಲ್ಲಿ ಒಂದು ಸಣ್ಣ ತೂತು. ಅದನ್ನು ಅವರು ಕಣ್ಣು ಎನ್ನುತ್ತಾರೆ. ನಾವು ಹಣ್ಣು ಎಂದು ತಿನ್ನುವುದು ನಿಜಕ್ಕೂ ಒಳಮುಖವಾಗಿ ಅರಳಿದ ನೂರಾರು ಹೂವುಗಳ ಚೀಲ. ಆ ಚೀಲಕ್ಕಿರುವ ಬಾಗಿಲು ಈ ಕಣ್ಣೊಂದೇ. ಕಣ್ಣು ದೊಡ್ಡದಾಗಿ ತೆರೆದಿರುವ ತಳಿಯಾದರೆ ಮಳೆನೀರು, ಇರುವೆ, ನೊಣ, ಬೂಷ್ಟು ಎಲ್ಲಕ್ಕೂ ಅದೇ ದಾರಿ. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟದೆ ಬಿಟ್ಟ ಹಾಗೆ, ಒಳಗಿನದು ಹುಳಿಯುವುದು ಖಚಿತ. ಇಟಲಿ ಮೂಲದ ಕಡೋಟ ತಳಿಯಲ್ಲಿ ಹಣ್ಣು ಪಕ್ವವಾಗುವಾಗ ಕಣ್ಣಿನಲ್ಲಿ ಜೇನಿನಂಥ ಹನಿಯೊಂದು ಒಸರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸಸ್ಯಲೋಕದ ಇಂಥ ಜಾಣತನಕ್ಕೆ ನಾನು ಬಹಳ ಬೇಗ ಮರುಳಾಗುತ್ತೇನೆ. ಆದರೆ ಕಡೋಟದ ಕಡ್ಡಿ ನನಗೆ ಸಿಗಲಿಲ್ಲ.

ಈ ಕಣ್ಣಿನದೇ ಇನ್ನೊಂದು ದೊಡ್ಡ ಕಥೆಯಿದೆ. ಟರ್ಕಿಯ ಇಜ್ಮಿರ್ ಪಟ್ಟಣಕ್ಕೆ ಹಿಂದೆ ಸ್ಮರ್ನಾ ಎಂದು ಹೆಸರು. ಅಲ್ಲಿಂದ ಹಡಗೇರುತ್ತಿದ್ದ ಒಣ ಅಂಜೂರದ ರುಚಿಗೆ ಮನಸೋತು ಕ್ಯಾಲಿಫೋರ್ನಿಯಾದವರು 1880ರ ದಶಕದಲ್ಲಿ ಅದರ ಕಡ್ಡಿಗಳನ್ನೇ ತರಿಸಿ ನೆಟ್ಟರು. ಬಿಸಿಲು ಅದೇ, ಒಣಹವೆ ಅದೇ. ಗಿಡ ಸೊಂಪಾಗಿ ಬೆಳೆಯಿತು. ಕಾಯಿ ಮಾತ್ರ ಗೋಲಿಯಷ್ಟಾದ ಮೇಲೆ ಪಟಪಟನೆ ಉದುರಿತು. ತುರ್ಕರು ಮೋಸ ಮಾಡಿ ಕೆಲಸಕ್ಕೆ ಬಾರದ ಕಡ್ಡಿ ಕಳಿಸಿದ್ದಾರೆ ಎಂದು ಬೆಳೆಗಾರರು ಶಾಪ ಹಾಕಿದರು. ಹಾಗಲ್ಲ, ಈ ತಳಿಗೆ ಕಾಡು ಅಂಜೂರದಿಂದ ಪರಾಗ ಹೊತ್ತು ತರುವ ಪುಟ್ಟ ಕಣಜವೊಂದು ಬೇಕು ಎಂದು ಗುಸ್ತಾವ್ ಐಸೆನ್ ಎಂಬ ವಿಜ್ಞಾನಿ ಫ್ರೆಸ್ನೊದ ಸಭೆಯೊಂದರಲ್ಲಿ ವಿವರಿಸಹೋದರೆ ಜನ ಗೇಲಿ ಮಾಡಿ ಕೂರಿಸಿದರಂತೆ. ಹಣ್ಣಾಗಲು ಹುಳು ಬೇಕು ಎಂದರೆ ಯಾವ ರೈತ ತಾನೇ ನಂಬಿಯಾನು? ಕಡೆಗೆ ಜಾರ್ಜ್ ರೋಡಿಂಗ್ ಎಂಬ ಬೆಳೆಗಾರ ಕೈಯಾರೆ ಪರಾಗ ತುಂಬಿ ನೋಡಿದ. ತುಂಬಿದ ಕಾಯಿ ಮರದಲ್ಲಿ ಉಳಿದವು. 1899ರಲ್ಲಿ ಅಲ್ಜೀರಿಯಾದಿಂದ ತರಿಸಿದ ಕಣಜಗಳು ಅವನ ತೋಟದಲ್ಲಿ ನೆಲೆಯೂರಿದ ಮೇಲೆಯೇ ಅಲ್ಲಿ ಆ ಬೆಳೆ ಕುದುರಿದ್ದು.

ಕಣಜ ಆ ಕಣ್ಣಿನಿಂದ ಒಳಗೆ ನುಗ್ಗುವಾಗ ರೆಕ್ಕೆ ಕಳೆದುಕೊಳ್ಳುತ್ತದೆ. ಸ್ಮರ್ನಾ ಹಣ್ಣಿನೊಳಗೆ ಮೊಟ್ಟೆಯಿಡಲು ತಾವು ಸಿಗದೆ ಅಲ್ಲೇ ಸಾಯುತ್ತದೆ. ಹಣ್ಣಿನಲ್ಲಿರುವ ಫಿಸಿನ್ ಎಂಬ ಕಿಣ್ವ ಅದನ್ನು ಕರಗಿಸುತ್ತದೆ. ನಮ್ಮ ಅತ್ತೆ ಏಕಾದಶಿಯ ದಿನ ಬೇರೇನೂ ಮುಟ್ಟದೆ ನಾಲ್ಕು ಟರ್ಕಿ ಅಂಜೂರ ನೆನೆಸಿಕೊಂಡು ತಿನ್ನುತ್ತಾರೆ. ಅತ್ತಿಹಣ್ಣನ್ನು ಬಿಡಿಸಿದರೆ ಹುಳು ಎಂಬ ಮಾತನ್ನು ನನಗೆ ಕಲಿಸಿದವರೂ ಅವರೇ. ಈ ಕಣಜದ ಪುರಾಣವನ್ನು ನಾನು ಮನೆಯಲ್ಲಿ ಬಾಯಿಬಿಟ್ಟಿಲ್ಲ.

ನಮ್ಮಲ್ಲಿ ಆ ಕಣಜದ ಹಂಗಿಲ್ಲ. ಇಲ್ಲಿ ತೋಟ ಮಾಡುವ ಪೂನಾ, ಡಯಾನಾದಂಥ ತಳಿಗಳೆಲ್ಲ ಪರಾಗವಿಲ್ಲದೆಯೇ ಹಣ್ಣಾಗುವಂಥವು. ಹಾಗೆ ಆದ ಹಣ್ಣಿನೊಳಗಿನ ಬೀಜ ಜೊಳ್ಳು, ಬಿತ್ತಿದರೆ ಹುಟ್ಟುವುದಿಲ್ಲ. ಅಂದಮೇಲೆ ಪ್ರತಿ ಗಿಡವೂ ಇನ್ನೊಂದು ಗಿಡದಿಂದ ಯಾರೋ ಮುರಿದು ತಂದ ಕಡ್ಡಿ. ಜೋರ್ಡಾನ್ ಕಣಿವೆಯ ಗಿಲ್ಗಾಲ್ ಎಂಬಲ್ಲಿ ಸುಮಾರು 11,400 ವರ್ಷ ಹಿಂದಿನ ಮನೆಯೊಂದರಲ್ಲಿ ಕರಿಕಲಾದ ಒಂಬತ್ತು ಅಂಜೂರ ಸಿಕ್ಕಿದ್ದವು. ಅವು ಪರಾಗವಿಲ್ಲದೆ ಆದ ಹಣ್ಣುಗಳು, ಹಾಗಾಗಿ ಮನುಷ್ಯ ಗೋಧಿ, ಬಾರ್ಲಿಗಿಂತ ಮೊದಲೇ ಅಂಜೂರದ ಕಡ್ಡಿ ಊರಿದ್ದ ಎಂದು 2006ರಲ್ಲಿ ವಿಜ್ಞಾನಿಗಳು ವಾದ ಹೂಡಿದರು. ಎಲ್ಲರೂ ಒಪ್ಪಿಲ್ಲ. ನನಗಂತೂ ಒಪ್ಪಿಗೆ. ಉಳುವುದು, ಬಿತ್ತುವುದು, ಕಾಯುವುದು ಇವೆಲ್ಲಕ್ಕಿಂತ, ಪಕ್ಕದವರ ಮರ ಚೆನ್ನಾಗಿ ಕಾಯುತ್ತಿದೆ, ಒಂದು ರೆಂಬೆ ಮುರಿದು ತರೋಣ ಎಂಬ ಬುದ್ಧಿ ಮನುಷ್ಯನಿಗೆ ಮೊದಲು ಬಂದಿರುವುದೇ ಹೆಚ್ಚು ಸಹಜ.

ಹೀಗೆ ಕೈಯಿಂದ ಕೈಗೆ ದಾಟಿ ಬಂದ ಕಡ್ಡಿಗಳಲ್ಲಿ ನಮ್ಮ ಪಾಲಿಗೆ ಯಾವುದು? ಹಳೇ ಮೈಸೂರಿನವರು ಶ್ರೀರಂಗಪಟ್ಟಣದ ಗಂಜಾಂ ಅಂಜೂರದ ಹೆಸರೆತ್ತಿದರೆ ಈಗಲೂ ಕಣ್ಣರಳಿಸುತ್ತಾರೆ. ಪುಣೆ ಸೀಮೆಯ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಅಲ್ಲಿಯ ರೈತರು ಮಳೆಗಾಲದ ಬೆಳೆಗೆ ಖಟ್ಟಾ ಬಹಾರ್, ಬೇಸಿಗೆಯ ಬೆಳೆಗೆ ಮೀಠಾ ಬಹಾರ್ ಎನ್ನುತ್ತಾರೆ. ಅದೇ ಮರ, ಅದೇ ರೆಂಬೆ. ಮೋಡ ಕವಿದಾಗ ಸಪ್ಪೆ, ಬಿಸಿಲಿದ್ದಾಗ ಸಕ್ಕರೆ. ತಳಿ ತಳಿ ಎಂದು ತಲೆ ಕೆಡಿಸಿಕೊಂಡಿದ್ದ ನನಗೆ ಇದನ್ನು ಕೇಳಿದ ಮೇಲೆ ಅರ್ಧ ಗಾಬರಿ ಇಳಿಯಿತು. ಗಿಡ ಯಾವುದೇ ಇರಲಿ, ಚಾಟನಿಯನ್ನೂ ನೀರನ್ನೂ ಹೊಂದಿಸಿ ಹಣ್ಣು ಒಣಗಾಲಕ್ಕೆ ಬರುವಂತೆ ಮಾಡಿಕೊಳ್ಳಬೇಕು. ಹಾಗೆಂದು ಬಳ್ಳಾರಿಯ ಮೇ ತಿಂಗಳಿಗೆ ತಂದು ನಿಲ್ಲಿಸಿದರೂ ಕಷ್ಟ. ಉಷ್ಣಾಂಶ 40 ಡಿಗ್ರಿ ದಾಟಿತೆಂದರೆ ಕಾಯಿ ಬಲಿಯುವ ಮೊದಲೇ ಬಣ್ಣ ತಿರುಗಿ, ಒಳಗೆ ರಸವಿಲ್ಲದೆ ಚಕ್ಕೆಯಾಗುತ್ತದೆ. ಎಷ್ಟು ನೀರು ಬಿಟ್ಟರೂ ಅಷ್ಟೇ.

ಮಿಕ್ಕ ಕಟ್ಟಳೆಗಳು ಸುಲಭ. ಎರೆಗಿಂತ ಮಸಾರಿ ವಾಸಿ, ಬುಡದಲ್ಲಿ ನೀರು ನಿಲ್ಲಬಾರದು, ಎಳೆ ಕಾಂಡಕ್ಕೆ ಸುಣ್ಣ ಬಳಿದರೆ ಬಿಸಿಲಿಗೆ ತೊಗಟೆ ಸೀಯುವುದಿಲ್ಲ. ಬೇರುಗಂಟು ಹುಳುವಿಗೆ ಮಾತ್ರ ಹೆದರಬೇಕು. ಅದರ ಕಾಟವಿರುವ ನೆಲದಲ್ಲಿ ಅತ್ತಿಯ ಬೇರಿನ ಮೇಲೆ ಅಂಜೂರ ಕಸಿ ಕಟ್ಟುವುದೂ ಉಂಟು. ಕಾಡು ದಾಯಾದಿಯ ಕಾಲಮೇಲೆ ನಿಂತು ಬಾಳುವ ಈ ಏರ್ಪಾಟು ನನಗೆ ಬಹಳ ಹಿಡಿಸಿತು.

ಒಂದು ಗುಂಡಿಗೆ ಪೂನಾ ಎಂದು ಬೇಗ ತೀರ್ಮಾನವಾಯಿತು. ತೆಳು ಸಿಪ್ಪೆ, ಗುಲಾಬಿ ತಿರುಳು, ಮರದಿಂದ ಕಿತ್ತು ನಿಂತಲ್ಲೇ ತಿನ್ನಬೇಕು, ಮರುದಿನಕ್ಕೆ ಇಟ್ಟರೆ ಮೆತ್ತಗಾಯಿತು. ಇನ್ನೊಂದಕ್ಕೆ ನನ್ನಾಕೆ ಪಟ್ಟು ಹಿಡಿದಳು. "ಬರೀ ನಿಂತು ತಿನ್ನೋದಕ್ಕಾ ರೀ? ಒಣಗಿಸಿ ಡಬ್ಬಿಗೆ ಹಾಕೋ ಅಂಥದ್ದು ತನ್ನಿ." ಅಂಗಡಿಯಲ್ಲಿ ಹಗ್ಗಕ್ಕೆ ಪೋಣಿಸಿ ನೇತುಹಾಕುವ ಅಫ್ಘಾನಿ ಅಂಜೂರದ ಬೆಲೆ ಅವಳ ಮನಸ್ಸಿನಲ್ಲಿತ್ತು. ಕುರುಗೋಡಿನ ರೈತರದು ಡಯಾನಾ. ಕ್ಯಾಲಿಫೋರ್ನಿಯಾದಿಂದ ಬಂದ ತಳಿ. ಹಳದಿ ಹಸಿರಿನ ದೊಡ್ಡ ಹಣ್ಣು, ಸಕ್ಕರೆಯಂಶ ಹೆಚ್ಚು, ಹಸಿಯಾಗಿ ತಿಂದರೆ ಪೂನಾದ ಮುಂದೆ ಒಂದು ಕೈ ಕಡಿಮೆ ಎಂದೇ ನನ್ನ ನಾಲಿಗೆಯ ತೀರ್ಪು. ಅವರ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹಾಳೆಯ ಚಪ್ಪರದಡಿ ಜಾಲರಿ ತಟ್ಟೆಗಳ ಮೇಲೆ ಸಾಲು ಸಾಲು ಹಣ್ಣು. ಅವರ ತಾಯಿ ಸ್ಟೂಲಿನ ಮೇಲೆ ಕೂತು, ಬಾಡಿದ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ಬಿಲ್ಲೆ ಮಾಡಿ ಮಗುಚಿಡುತ್ತಿದ್ದರು. ಬೆರಳ ಸಂದಿಯೆಲ್ಲ ಅಂಟು. "ಹಾಲು ಹತ್ತಿದ್ರ ತುರಿಸ್ತೈತಿ, ಹಸಿ ಕಾಯಿ ಮುಟ್ಟಬ್ಯಾಡ್ರಿ" ಎಂದು ನನ್ನನ್ನು ಗದರಿದರು.

ಒಂದು ನರ್ಸರಿಯಲ್ಲಿ ವಿಚಾರಿಸಿದಾಗ ಯಾವ ತಳಿ ಕೇಳಿದರೂ ಒಂದೇ ಸಾಲಿನ ಗಿಡ ತೋರಿಸುತ್ತಿದ್ದರು. ಕಟ್ಟಿದ ಚೀಟಿ ಮಾತ್ರ ಬೇರೆ. ಅದಕ್ಕೇ ಹಣ್ಣು ಕಣ್ಣಾರೆ ಕಂಡ ಮರದಿಂದಲೇ ಕಡ್ಡಿ ತರುವುದೆಂದು ನಿಶ್ಚಯಿಸಿದೆ. ರೈತರು ಪೆನ್ಸಿಲ್ಲಿಗಿಂತ ತುಸು ದಪ್ಪನೆಯ, ಗೇಣುದ್ದದ ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟರು. ಮೂರು ಚಿಗುರಿದವು. ಒಂದು ಹಿತ್ತಲಿಗಾಯಿತು. ಉಳಿದ ಎರಡಕ್ಕೆ ನಮ್ಮ ಬೀದಿಯಲ್ಲಿ ಈಗಾಗಲೇ ಐದು ಮನೆಯವರು ಹೇಳಿಟ್ಟಿದ್ದಾರೆ. ಅವರಲ್ಲಿ ಇಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಇದು ಬಿಸಿಲು ತಡೀತದಾ ಸರ?"