ಚಿತ್ರದ ಕುದುರೆ, ಲಾಯದ ಕುದುರೆ

ಮೊದಲು ಕಂಡ ಮುಖಕ್ಕೆ ಮನಸ್ಸು ಒಮ್ಮೆ ಜಾಗ ಬಿಟ್ಟುಕೊಟ್ಟಿತೆಂದರೆ ಅದನ್ನು ಅಲ್ಲಿಂದ ಎಬ್ಬಿಸುವುದು ಬಲು ಕಷ್ಟ. ಈ ವಾರಪತ್ರಿಕೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಧಾರಾವಾಹಿಯೊಂದರ ಮೊದಲ ಕಂತಿನಲ್ಲಿ ಕಲಾವಿದರು ನಾಯಿಕೆಗೆ ನೀಳವಾದ ಮೂಗನ್ನೂ ಎರಡು ಜಡೆಯನ್ನೂ ಬರೆದರೆಂದರೆ ಮುಗಿಯಿತು. ಮುಂದೆ ಅದೇ ಕಾದಂಬರಿ ಚಲನಚಿತ್ರವಾಗಿ, ಹೆಸರಾಂತ ನಟಿಯೊಬ್ಬಳು ಆ ಪಾತ್ರದಲ್ಲಿ ನಿಂತು ಎಷ್ಟು ಕಣ್ಣೀರು ಸುರಿಸಿದರೂ, ‘ಇವಳು ಅವಳಲ್ಲ’ ಎಂದು ಗೊಣಗುತ್ತ ಚಿತ್ರಮಂದಿರದಿಂದ ಹೊರಬರುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಈ ಗೊಣಗಾಟ ಕೆಲವು ತಿಂಗಳುಗಳಿಂದ ನಮ್ಮ ಮನೆಯ ನಡುಮನೆಯಲ್ಲಿಯೇ ಬಿಡಾರ ಹೂಡಿದೆ. ಕಾರಣವಾದ ಕಥೆ ಕನ್ನಡದ್ದಲ್ಲ, ಚೀನಾ ದೇಶದ್ದು. ಇಂಜಿನಿಯರಿಂಗ್ ಓದಲೆಂದು ನಮ್ಮಲ್ಲಿ ಉಳಿದುಕೊಂಡಿರುವ ನನ್ನಕ್ಕನ ಮಗಳದು ಒಂದು ಪಕ್ಷ, ನನ್ನಾಕೆಯದು ಇನ್ನೊಂದು. ಕನ್ನಡದಲ್ಲಿ ಎಂ.ಎ. ಮಾಡಿದವನೆಂಬ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಮಧ್ಯಸ್ಥನ ಪೀಠದಲ್ಲಿ ಕೂರಿಸಿದ್ದಾರೆ. ಚೀನೀ ಭಾಷೆ ಮೂವರಿಗೂ ಬಾರದು. ಇಂಗ್ಲಿಷಿನ ಅಡಿಬರಹವೇ ಗತಿ. ಆದರೆ ವಾದಕ್ಕೆ ಭಾಷಾಜ್ಞಾನ ಅಗತ್ಯವೆಂದು ಹೇಳಿದವರು ಯಾರು?

ಕಥೆಯ ಮೂಲ ಒಂದು ಕಾದಂಬರಿ. ‘ಹೂದಿಯೆ ಲಾನ್’, ಎಂದರೆ ‘ಚಿಟ್ಟೆ ನೀಲಿ’, ಎಂಬ ಕಾವ್ಯನಾಮದ ಲೇಖಕ ೨೦೧೧ರಲ್ಲಿ ಅದನ್ನು ಅಂತರಜಾಲದಲ್ಲಿ ಕಂತು ಕಂತಾಗಿ ಬರೆಯತೊಡಗಿದ. ಅದರ ಹೆಸರು ‘ಚ್ವಾನ್‌ಜಿ ಗಾವ್‌ಶೋ’. ಗಾವ್‌ಶೋ ಎಂದರೆ ಅಕ್ಷರಶಃ ‘ಎತ್ತರದ ಕೈ’. ನಾವು ‘ಪಳಗಿದ ಕೈ’ ಎನ್ನುತ್ತೇವಲ್ಲ, ಅದೇ. ಇಂಗ್ಲಿಷಿನವರು ಇದಕ್ಕೆ ‘ದ ಕಿಂಗ್ಸ್ ಅವತಾರ್’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಅವತಾರವೆಂಬ ಮಾತು ಇಂಗ್ಲಿಷಿಗೆ ಹೋಗಿ, ಅಲ್ಲಿ ಗಣಕಯಂತ್ರದ ಆಟದ ಬೊಂಬೆಗೆ ಹೆಸರಾಗಿ, ಚೀನೀ ಕಥೆಯೊಂದರ ನೆತ್ತಿಯ ಮೇಲೆ ಕುಳಿತು ನಮ್ಮ ಮನೆಗೇ ಮರಳಿತು. ದಶಾವತಾರಗಳಿಗೆ ಇದೊಂದು ಹೊಸ ಸೇರ್ಪಡೆ.

೨೦೧೭ರಲ್ಲಿ ಈ ಕಾದಂಬರಿ ಹನ್ನೆರಡು ಕಂತುಗಳ ಅನಿಮೇಷನ್ ಮಾಲಿಕೆಯಾಯಿತು. ೨೦೧೯ರ ಜುಲೈ ತಿಂಗಳಲ್ಲಿ ನಟನಟಿಯರು ಅಭಿನಯಿಸಿದ ನಲವತ್ತು ಕಂತುಗಳ ನಾಟಕವಾಗಿ ಬಂದಿತು. ನಾಯಕ ಯಾಂಗ್ ಯಾಂಗ್. ಶಾಸ್ತ್ರೀಯವಾಗಿ ನೋಡಿದರೆ ನಾಟಕಕ್ಕೂ ಕಾದಂಬರಿಯೇ ಆಧಾರ. ಆದರೆ ನೋಡುವವರು ಶಾಸ್ತ್ರವನ್ನು ನೋಡಿಕೊಂಡು ನೋಡುವುದಿಲ್ಲ. ಎರಡು ವರ್ಷ ಮುಂಚಿತವಾಗಿ ಬಂದ ಬಣ್ಣದ ಚಿತ್ರಗಳು ಅವರ ಕಣ್ಣಿನಲ್ಲಿ ನೆಲೆಸಿದ್ದವು. ನಾಟಕವನ್ನು ಅವರು ಅಳೆದದ್ದು ಆ ಕೋಲಿನಿಂದಲೇ.

ನಾಯಕನ ಹೆಸರು ಯೆ ಶ್ಯೂ. ವಯಸ್ಸು ಇಪ್ಪತ್ತೈದು. ‘ಗ್ಲೋರಿ’ ಎಂಬ ಗಣಕಾಟದಲ್ಲಿ ತನ್ನ ತಂಡಕ್ಕೆ ಸತತವಾಗಿ ಮೂರು ಬಾರಿ ಪ್ರಶಸ್ತಿಯನ್ನು ಗೆದ್ದುಕೊಟ್ಟ ಧುರೀಣ. ಜನ ಅವನನ್ನು ಆ ಆಟದ ‘ಪಠ್ಯಪುಸ್ತಕ’ವೆಂದು ಕರೆಯುತ್ತಾರೆ (ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ಬಿರುದಿನ ಮೇಲೆ ಸ್ವಲ್ಪ ಅಸೂಯೆಯುಂಟು). ಆದರೆ ಜಾಹೀರಾತುಗಳಿಗೆ ಮುಖ ಒಡ್ಡುವುದು ಅವನಿಗೆ ಸಮ್ಮತವಿಲ್ಲ. ಹಣ ತಂದುಕೊಡದ ಕೀರ್ತಿ ತಂಡದ ಒಡೆಯರಿಗೆ ಬೇಕಿಲ್ಲ. ಒಂದು ದಿನ ಅವನನ್ನು ಹೊರಗೆ ಕಳುಹಿಸುತ್ತಾರೆ. ಅಷ್ಟು ವರ್ಷ ಅವನ ಬೆರಳುಗಳೇ ಉಸಿರು ಕೊಟ್ಟು ಬೆಳೆಸಿದ, ಈಟಿ ಹಿಡಿದ ವೀರನೊಬ್ಬನಿದ್ದಾನೆ ಆಟದಲ್ಲಿ. ಆ ವೀರನನ್ನು ಆಡಿಸುವ ಪುಟ್ಟ ಕಾರ್ಡನ್ನೂ ಹೊಸಬನ ಕೈಗೆ ಒಪ್ಪಿಸಿ ಹೋಗಬೇಕು. ಒಪ್ಪಿಸುತ್ತಾನೆ. ರಸ್ತೆ ದಾಟಿ ಎದುರಿನ ಇಂಟರ್‌ನೆಟ್ ಕೆಫೆಗೆ ಹೋಗಿ ರಾತ್ರಿಪಾಳಿಯ ಕೆಲಸಕ್ಕೆ ಸೇರುತ್ತಾನೆ. ಅದೇ ನಡುರಾತ್ರಿ ಆಟದ ಹತ್ತನೆಯ ಹೊಸ ವಲಯ ತೆರೆಯುತ್ತದೆ. ಕೊಡೆಯಂಥ ವಿಚಿತ್ರ ಆಯುಧವೊಂದನ್ನು ಹಿಡಿದು, ಹೆಸರಿಲ್ಲದವನಂತೆ ಮೊದಲ ಮೆಟ್ಟಿಲಿನಿಂದ ಮತ್ತೆ ಹೊರಡುತ್ತಾನೆ.

ನನ್ನ ಸೊಸೆಯ ಆಕ್ಷೇಪ ಮೊದಲ ಕಂತಿನಿಂದಲೇ ಆರಂಭ. “ಮಾವ, ಇವನು ತೀರ ಚೆಂದ ಇದ್ದಾನೆ. ಯೆ ಶ್ಯೂ ಹೀಗಿರುವುದಿಲ್ಲ. ಅವನು ನಿದ್ದೆಗೆಟ್ಟವನು, ಸೋಮಾರಿಯ ಹಾಗೆ ಕಾಣುವವನು. ಇವನನ್ನು ನೋಡಿದರೆ ಈಗತಾನೆ ಕ್ಷೌರದಂಗಡಿಯಿಂದ ಎದ್ದು ಬಂದ ಹಾಗಿದೆ.”

ನನ್ನಾಕೆ ಅನಿಮೇಷನ್ನನ್ನು ನೋಡಿದವಳಲ್ಲ, ನೋಡುವವಳೂ ಅಲ್ಲ. “ಗೊಂಬೆಗೆ ನಿದ್ದೆಗೆಟ್ಟರೇನು, ಬಿಟ್ಟರೇನು? ಕಣ್ಣಿನ ಕೆಳಗೆ ಒಂದು ಗೆರೆ ಎಳೆದರೆ ಆಯಿತು. ಮನುಷ್ಯನಾದರೆ ನಿಜವಾಗಿ ಕೂತು ಬೆನ್ನು ನೋಯಿಸಿಕೊಳ್ಳಬೇಕು” ಎಂಬುದು ಅವಳ ಪ್ರತಿವಾದ.

ಚೀನಾದ ಪ್ರೇಕ್ಷಕರೂ ಹೆಚ್ಚುಕಡಿಮೆ ಹೀಗೆಯೇ ಎರಡು ಪಂಗಡವಾಗಿದ್ದರು. ಯಾಂಗ್ ಯಾಂಗನ ಹೆಸರು ಹೊರಬಿದ್ದಾಗಲೇ ಮೂಲದ ಅಭಿಮಾನಿಗಳಲ್ಲಿ ಕಳವಳ. ನಾಟಕ ಬಂದ ಮೇಲೆ ಅವರಲ್ಲಿಯೇ ಅನೇಕರು ಮೆತ್ತಗಾದರು. ಬಹುಜನ ಮೆಚ್ಚಿದ ಸಂಗತಿಯೆಂದರೆ, ಕಥೆಯಲ್ಲಿಲ್ಲದ ಪ್ರಣಯಪ್ರಸಂಗವನ್ನು ಬಲವಂತವಾಗಿ ತುರುಕಿಲ್ಲವೆಂಬುದು. ಇದು ಸಣ್ಣ ಮಾತಲ್ಲ. ನಾಯಕನೂ ನಾಯಿಕೆಯೂ ಒಂದೇ ಸೂರಿನಡಿ ದುಡಿಯುತ್ತಿದ್ದರೂ ನಲವತ್ತು ಕಂತು ಕಳೆಯುವವರೆಗೆ ಕೈ ಕೈ ಹಿಡಿಯದಿರುವ ಸಂಯಮ ಯಾವ ದೇಶದ ಕಿರುತೆರೆಗೂ ಸುಲಭವಲ್ಲ. ಬೇಸರವಿದ್ದದ್ದು ಆಟದೊಳಗಿನ ಕಾಳಗಗಳ ಬಗೆಗೆ. ಅವನ್ನು ಗಣಕಯಂತ್ರದಿಂದಲೇ ನಿರ್ಮಿಸಿದ್ದಾರೆ. ಮೇಣದ ಬೊಂಬೆಗಳಂತಿವೆಯೆಂದು ಕೆಲವರು, ಸೊಗಸಾಗಿವೆಯೆಂದು ಕೆಲವರು. ಅಂತೂ ನಟರಿಂದ ಆಡಿಸಿದ ನಾಟಕವೂ ಅರ್ಧ ಚಿತ್ರವೇ ಎಂಬುದನ್ನು ಜಗಳವಾಡುವವರು ಗಮನಿಸಿದಂತಿಲ್ಲ.

ಚೀನೀಯರು ಇಂಥ ನಾಟಕಕ್ಕೆ ‘ಝನ್‌ರೆನ್ ಬಾನ್’ ಎನ್ನುತ್ತಾರೆ. ‘ನಿಜ ಮನುಷ್ಯರ ಆವೃತ್ತಿ’ ಎಂದು ಅರ್ಥ. ಚಿತ್ರದ ಪಾತ್ರಗಳನ್ನು ಅವರ ತರುಣರು ಮುದ್ದಿನಿಂದ ‘ಕಾಗದದ ಮನುಷ್ಯರು’ ಎಂದು ಕರೆಯುವುದುಂಟು. ಅವರ ಲೋಕ ಎರಡನೆಯ ಆಯಾಮ. ನಮ್ಮ ನಿಮ್ಮ ಲೋಕ ಮೂರನೆಯದು. ಎರಡರಿಂದ ಮೂರಕ್ಕೆ ಬಂದರೆ ಲೆಕ್ಕದ ಪ್ರಕಾರ ಏನೋ ಹೆಚ್ಚಬೇಕು. ಆದರೆ ನೋಡುವವರು ಹೇಳುವುದು ಏನೋ ಕಳೆದುಹೋಯಿತೆಂದು.

ಇಲ್ಲಿ ನನಗೆ ನಮ್ಮ ಕಾವ್ಯಮೀಮಾಂಸೆಯ ಶ್ರೀಶಂಕುಕ ನೆನಪಾಗುತ್ತಾನೆ. ತರಗತಿಯಲ್ಲಿ ಪ್ರತಿ ವರ್ಷವೂ ಅವನ ಚಿತ್ರತುರಗನ್ಯಾಯವನ್ನು ಹೇಳಿ ಹೇಳಿ ನಾಲಗೆ ಸವೆದಿದೆ. ರಂಗದ ಮೇಲೆ ರಾಮನ ವೇಷದ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಆಗುವ ಅರಿವು ಎಂಥದು? ‘ಇವನೇ ರಾಮ’ ಎಂಬ ನಿಜಜ್ಞಾನವಲ್ಲ. ‘ಇವನು ರಾಮನಲ್ಲ’ ಎಂಬ ಬಾಧೆಯೂ ಇಲ್ಲ. ರಾಮನೋ ಅಲ್ಲವೋ ಎಂಬ ಸಂಶಯವಲ್ಲ, ರಾಮನ ಹಾಗಿದ್ದಾನೆಂಬ ಹೋಲಿಕೆಯೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ‘ಇದು ಕುದುರೆ’ ಎನ್ನುತ್ತೇವಲ್ಲ, ಅಂಥ ವಿಲಕ್ಷಣವಾದ ಅರಿವು. ಅಭಿನವಗುಪ್ತ ಇದನ್ನು ಒಪ್ಪಲಿಲ್ಲವೆಂಬುದು ಮುಂದಿನ ಪಾಠ. ಶಂಕುಕನ ಪಾಲಿಗೆ ನಟನೇ ಚಿತ್ರದ ಕುದುರೆ. ನಟನಿಗಿಂತಲೂ ಚಿತ್ರ ನಂಬಲು ಸುಲಭ ಎಂಬುದು ಅವನ ದೃಷ್ಟಾಂತದೊಳಗೇ ಅಡಗಿತ್ತು. ಪಾಪ, ಒಂದು ದಿನ ಗೋಡೆಯ ಕುದುರೆಗೆ ಒಗ್ಗಿದ ಜನರೆದುರು ಲಾಯದಿಂದ ಜೀವಂತ ಕುದುರೆಯೊಂದನ್ನು ತಂದು ನಿಲ್ಲಿಸಿದರೆ, ಅವರು ಅದರ ಹಲ್ಲೆಣಿಸಿ ‘ಇದು ಕುದುರೆಯಲ್ಲ’ ಎಂದಾರೆಂದು ಅವನು ಊಹಿಸಿರಲಾರ.

ಇದು ಈ ಒಂದು ನಾಟಕದ ಪಾಡಲ್ಲ. ‘ವೈಟ್ ಕ್ಯಾಟ್ ಲೆಜೆಂಡ್’ ಎಂಬ ಇನ್ನೊಂದು ಕಥೆಯಿದೆ. ಸಾಮ್ರಾಜ್ಞಿ ವೂ ಜೆತ್ಯೆನಳ ಕಾಲದ ನ್ಯಾಯಾಧಿಕಾರಿಯೊಬ್ಬ ಬಿಳಿಯ ಬೆಕ್ಕಾಗಿಬಿಟ್ಟಿದ್ದಾನೆ. ಅಧಿಕಾರಿಯ ನಿಲುವಂಗಿ ತೊಟ್ಟು ವಿಚಾರಣೆ ನಡೆಸುತ್ತಾನೆ. ೨೦೨೦ರ ಅನಿಮೇಷನ್ನಿನಲ್ಲಿ ಅವನಿಗೆ ಬೆಕ್ಕಿನ ಮುಖ. ಅದನ್ನು ಯಾರೂ ಪ್ರಶ್ನಿಸಲಿಲ್ಲ. ೨೦೨೪ರಲ್ಲಿ ಅದೇ ಕಥೆ ನಟರ ನಾಟಕವಾದಾಗ ಎದುರಾದ ಸಂಕಟವನ್ನು ಯೋಚಿಸಿ: ಅಭಿಮಾನಿಗಳನ್ನು ಸೆಳೆಯಲೆಂದು ಡಿಂಗ್ ಯೂಶಿಯಂಥ ಚೆಲುವನನ್ನು ಕರೆತಂದಾಗಿದೆ, ಅವನ ಮುಖವನ್ನು ಬೆಕ್ಕಿನ ಮುಖದಿಂದ ಮುಚ್ಚುವುದು ಹೇಗೆ, ಮುಚ್ಚದೆ ಕಥೆ ಹೇಳುವುದು ಹೇಗೆ? ಅದೇ ವರ್ಷ ‘ಫಾಕ್ಸ್ ಸ್ಪಿರಿಟ್ ಮ್ಯಾಚ್‌ಮೇಕರ್’ ಕೂಡ ನಟರ ಆವೃತ್ತಿಯಾಯಿತು. ೨೦೧೫ರಿಂದ ಚಿತ್ರವಾಗಿ ಮನೆಮಾತಾಗಿದ್ದ ನರಿಕುಲದ ರಾಣಿಯ ಪಾತ್ರಕ್ಕೆ ಯಾಂಗ್ ಮೀ ಬಂದಳು. ಚಿತ್ರಕ್ಕೆ ವಯಸ್ಸಾಗುವುದಿಲ್ಲ, ನಟಿಗೆ ಆಗುತ್ತದೆ. ಪ್ರೇಕ್ಷಕರು ಅವಳ ವರ್ಷಗಳನ್ನು ಎಣಿಸತೊಡಗಿದರು. ನನ್ನ ಸೊಸೆಯೂ ಎಣಿಸಿದಳು. ಮುದುಕಿಯೆನ್ನಬಾರದಷ್ಟು ಚಿಕ್ಕ ವಯಸ್ಸಿನ ಹೆಂಗಸನ್ನು ಹಾಗೆ ಎಣಿಸುವುದು ನನಗೆ ಹಿಡಿಸಲಿಲ್ಲ, ಹೇಳಿದೆ. “ಮಾವ, ನೀವು ಚಿತ್ರ ನೋಡಿಲ್ಲ” ಎಂದು ಒಂದೇ ಮಾತಿನಲ್ಲಿ ನನ್ನನ್ನು ತಳ್ಳಿಹಾಕಿದಳು.

ಯೆ ಶ್ಯೂವಿನ ಕಥೆಗೇ ಬರುತ್ತೇನೆ. ನನ್ನನ್ನು ಬಹುವಾಗಿ ಕಾಡಿದ ಸಂಗತಿ ಅಲ್ಲಿದೆ. ಅವನು ಮುಖ ತೋರಿಸದ ಮನುಷ್ಯನೆಂದೆನಷ್ಟೆ. ನಾಡಿಗೆ ನಾಡೇ ಬಲ್ಲದ್ದು ಈಟಿ ಹಿಡಿದ ಆ ಚಿತ್ರವನ್ನು ಮಾತ್ರ. ಕೆಫೆಯ ಒಡತಿ ಚೆನ್ ಗ್ವೊ ಆ ತಂಡದ ಪರಮಭಕ್ತೆ. ಅಂಥವಳ ಎದುರಿಗೇ ಆ ಮಹಾವೀರ ಬಂದು ನಿಂತು ಕೆಲಸ ಕೇಳುತ್ತಾನೆ. ಅವಳಿಗೆ ಗುರುತು ಹತ್ತುವುದಿಲ್ಲ. ಮಹಡಿಯ ಮೇಲಿನ ಸಾಮಾನಿನ ಕೋಣೆಯಲ್ಲಿ ಮಲಗಲು ಜಾಗ ಕೊಟ್ಟು, ರಾತ್ರಿಪಾಳಿ ನೋಡಿಕೊಳ್ಳೆನ್ನುತ್ತಾಳೆ. ಗೋಡೆಯ ಕುದುರೆಗೆ ಹೂವು ಏರಿಸುವವಳ ಬಾಗಿಲಿಗೆ ನಿಜದ ಕುದುರೆಯೇ ಹುಲ್ಲು ಕೇಳಿ ಬಂದಂತೆ! ‘ಈ ಮುಖ ಅವನದಲ್ಲ’ ಎಂದು ವಾದಿಸುವ ಪ್ರೇಕ್ಷಕರೆಲ್ಲರೂ ತಮಗರಿಯದೆಯೇ ಚೆನ್ ಗ್ವೊಳ ಪಾತ್ರವನ್ನು ವಹಿಸುತ್ತಿದ್ದಾರೆಂದು ನನಗೆ ತೋರುತ್ತದೆ. ಇದನ್ನು ಸೊಸೆಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಬೇರೆ, ಇದು ಬೇರೆ” ಎಂದಳು. ಬೇರೆ ಹೇಗೆಂದು ಹೇಳಲಿಲ್ಲ.

ನನ್ನನ್ನೇಕೆ ಇದು ಕಾಡಿತೆಂಬುದಕ್ಕೆ ಕಾರಣವಿಲ್ಲದಿಲ್ಲ. ಈಗಿನ ಕಾಲೇಜಿಗೆ ಬರುವ ಮೊದಲು ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕನಾಗಿದ್ದೆ. ಅತಿಥಿಯೆಂಬ ಮಾತಿನ ಅರ್ಥ ಆರನೆಯ ವರ್ಷದ ಕೊನೆಗೆ ತಿಳಿಯಿತು. ಹೊಸ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ವಿಭಾಗದ ಬೀರುವಿನ ಬೀಗದ ಕೈಯನ್ನು ಹೊಸಬರ ಕೈಗಿಟ್ಟು ಬಂದೆ. ಆ ಬೀರುವಿನಲ್ಲಿ ನಾನೇ ಒಪ್ಪಮಾಡಿ ಹೊಲಿಸಿಟ್ಟ ಹಳೆಯ ಸಂಚಿಕೆಗಳಿದ್ದವು. ಹೊಸಬರು ಒಳ್ಳೆಯವರೇ, ಅವರಿಗೂ ಸಂಕೋಚ, ನನಗೂ ಸಂಕೋಚ. ಮನೆಗೆ ಬಂದವನು ಮೂರು ದಿನ ಯಾರೊಡನೆಯೂ ಮಾತನಾಡಲಿಲ್ಲವೆಂದು ನನ್ನಾಕೆ ಈಗಲೂ ಹೇಳುತ್ತಾಳೆ.

ಅನಂತರದ ಕೆಲವು ತಿಂಗಳು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತು ಕೊಡುವ ಸಂಸ್ಥೆಯೊಂದರಲ್ಲಿ ಸಂಜೆಯ ಪಾಠ. ಒಂದು ಸಂಜೆ ಹುಡುಗನೊಬ್ಬ ಅಳುಕುತ್ತಲೇ ಬಳಿಗೆ ಬಂದು, ಜೆರಾಕ್ಸ್ ಮಾಡಿದ ಒಂದು ಕಟ್ಟನ್ನು ನನ್ನ ಮುಂದಿಟ್ಟ. “ಸರ್, ತಪ್ಪು ತಿಳಿಯಬೇಡಿ. ಕುಮಾರವ್ಯಾಸನ ಪಾಠಕ್ಕೆ ಇದನ್ನೊಮ್ಮೆ ನೋಡಿಕೊಂಡು ಬಂದರೆ ನಮಗೆಲ್ಲ ಅನುಕೂಲ. ಬರೆದವರು ಯಾರೋ ದೊಡ್ಡ ಪ್ರಾಧ್ಯಾಪಕರಂತೆ” ಎಂದ. ತೆರೆದು ನೋಡಿದೆ. ಹೆಸರಿರಲಿಲ್ಲ. ಆದರೆ ರೂಪಕಗಳ ವಿಂಗಡಣೆ, ಉದಾಹರಣೆಗಳ ಕ್ರಮ, ನಾಲ್ಕನೆಯ ಪುಟದ ಅಡಿಯಲ್ಲಿ ನಾನು ಬರೆದಿದ್ದ ಒಂದು ಚೇಷ್ಟೆಯ ಮಾತು, ಎಲ್ಲವೂ ನನ್ನವೇ. ಆರು ವರ್ಷದ ಅವಧಿಯಲ್ಲಿ ವಿದ್ಯಾರ್ಥಿಗಳಿಗೆಂದು ಬರೆದುಕೊಟ್ಟ ಟಿಪ್ಪಣಿ. ಹೇಳಬಹುದಾಗಿತ್ತು. ಆದರೆ ಆ ಹುಡುಗನ ಮನಸ್ಸಿನಲ್ಲಿ ಅದನ್ನು ಬರೆದ ಪ್ರಾಧ್ಯಾಪಕರಿಗೆ ಈಗಾಗಲೇ ಬಿಳಿಯ ಕೂದಲು, ದಪ್ಪ ಕನ್ನಡಕ, ಪುಸ್ತಕ ತುಂಬಿದ ಕೊಠಡಿ ಎಲ್ಲವೂ ಇದ್ದಿರಬೇಕು. ಎದುರಿಗಿದ್ದವನೋ ಸೀಮೆಸುಣ್ಣದ ಧೂಳು ಕೊಡವಿಕೊಂಡು ಕೊನೆಯ ಬಸ್ಸಿನ ಸಮಯ ನೋಡುತ್ತಿದ್ದ ಮನುಷ್ಯ. “ನೋಡಿಕೊಂಡು ಬರುತ್ತೇನಪ್ಪ” ಎಂದೆ. ನೋಡಿಕೊಂಡೇ ಹೋದೆ. ಎರಡು ಕಡೆ ತಿದ್ದಿದೆ ಕೂಡ.

ಆದ್ದರಿಂದ ಮಧ್ಯಸ್ಥನಾಗಿ ನನ್ನ ತೀರ್ಪು ಕೊಂಚ ಅಡ್ಡದಾರಿಯದು. ಅನಿಮೇಷನ್ನಿನ ಮೊದಲ ಕಂತಿನಲ್ಲಿ ಯೆ ಶ್ಯೂ ಹಿಮ ಬೀಳುವ ರಾತ್ರಿಯಲ್ಲಿ ತಂಡದ ಕಟ್ಟಡವನ್ನು ಬಿಟ್ಟು ಹೊರಡುತ್ತಾನೆ. ಆ ಹೊರಡುವಿಕೆಗೆ ಚಿತ್ರವೇ ಮೇಲು. ನಾಲ್ಕು ಗೆರೆಯ ಮುಖ ಅದು. ಖಾಲಿ ಜಾಗ ಬಹಳ. ಅಲ್ಲಿ ನನ್ನ ಮುಖಕ್ಕೂ ಸ್ಥಳವಿತ್ತು. ಯಾಂಗ್ ಯಾಂಗನ ಮುಖದಲ್ಲಿ ಯಾಂಗ್ ಯಾಂಗನೇ ತುಂಬಿಕೊಂಡಿದ್ದಾನೆ. ಆದರೆ ಹೊರಬಿದ್ದ ಮೇಲಿನ ಬಾಳಿಗೆ, ಅನ್ಯರ ಅಂಗಡಿಯಲ್ಲಿ ಕೂತು ಅನ್ಯರ ರಾತ್ರಿಗಳನ್ನು ಕಾಯುವುದಕ್ಕೆ, ಚಿತ್ರ ಸಾಲದು. ಅಲ್ಲಿ ಕುರ್ಚಿ ಕಿರುಗುಟ್ಟಬೇಕು, ಅಂಗಿ ಸುಕ್ಕಾಗಬೇಕು, ಬೇರೆ ಮನುಷ್ಯರ ಮೈಯ ಬಿಸಿ ಆ ಕೋಣೆಯಲ್ಲಿರಬೇಕು. ಅದು ನಟರಿಗೆ ಮಾತ್ರ ಸಾಧ್ಯ; ಚೆನ್ ಗ್ವೊ ಆಗಿ ಬರುವ ಜಿಯಾಂಗ್ ಶೂಯಿಂಗ್ ಗದರುವ ರೀತಿಯನ್ನು ಯಾವ ಕುಂಚವೂ ಹಿಡಿಯಲಾರದು.

ಈ ತೀರ್ಪಿಗೆ ಎರಡು ಪಕ್ಷವೂ ಒಪ್ಪಲಿಲ್ಲ. ಅಷ್ಟರಲ್ಲಿ ಸೊಸೆ ಅನಿಮೇಷನ್ನಿನ ಎರಡನೆಯ ಭಾಗವನ್ನು ನೋಡಲು ಕುಳಿತಳು. ಅದು ಬಂದದ್ದು ೨೦೨೦ರಲ್ಲಿ. ಬರೆದದ್ದು ಬೇರೊಂದು ಚಿತ್ರಶಾಲೆ. ಹತ್ತು ನಿಮಿಷ ಕಳೆದಿರಲಿಲ್ಲ, ನಿಲ್ಲಿಸಿಬಿಟ್ಟಳು.

“ಏಕೆ ಕೂಸೆ?” ಎಂದೆ.

“ಇವನೂ ಅವನಲ್ಲ ಮಾವ. ಗಲ್ಲ ಬೇರೆ ಥರ ಬರೆದಿದ್ದಾರೆ.”

ಚಿತ್ರದ ಕುದುರೆಗೂ ಈ ಗತಿಯೆ ಎಂದು ನಾನು ಶಂಕುಕನನ್ನು ಮತ್ತೆ ಎಳೆದು ತರುವಷ್ಟರಲ್ಲಿ, ಒಳಗಿನಿಂದ ಸೊಪ್ಪು ಸೋಸುತ್ತಿದ್ದ ನನ್ನಾಕೆ ಕೇಳಿದಳು:

“ಅದಿರಲಿ, ಆ ರಾತ್ರಿಪಾಳಿಗೆ ಅವಳು ಅವನಿಗೆ ತಿಂಗಳಿಗೆ ಎಷ್ಟು ಕೊಡುತ್ತಾಳಂತೆ? ಅದನ್ನು ನಿಮ್ಮಿಬ್ಬರಲ್ಲಿ ಯಾರೂ ನೋಡಲೇ ಇಲ್ಲವಲ್ಲ.”