ಬರೆಯಲಾರದವರ ಅಹವಾಲು

ಅಕ್ಷರ ಬಲ್ಲವನಿಗೆ ಅರ್ಜಿಯೆಂಬುದು ಅರ್ಧ ಗಂಟೆಯ ಕೆಲಸ. ಅಕ್ಷರ ಬಾರದವನಿಗೆ ಅದು ಒಂದು ದಿನದ ಕೂಲಿ, ಹೋಗಿಬರುವ ಬಸ್ಸಿನ ಖರ್ಚು, ಬರೆದುಕೊಡುವವನಿಗೆ ಸಲ್ಲುವ ಹಣ; ಇವೆಲ್ಲಕ್ಕಿಂತ ಮಿಗಿಲಾಗಿ, ಒಂದು ಭಯ.

ಸಿಂದಗಿ ಸೀಮೆಯ ಎರೆಭೂಮಿಯ ಹಳ್ಳಿಯೊಂದರ ವಿಧವೆಯೊಬ್ಬಳ ಸಂಗತಿ ಇದಕ್ಕೆ ನಿದರ್ಶನ. ಮಳೆಗಾಲದಲ್ಲಿ ಬೀದಿಯ ನೀರು ಆಕೆಯ ಮಣ್ಣಿನ ಗೋಡೆಯನ್ನು ನೆನೆಸುತ್ತಿತ್ತು. ತೊಗರಿ ಹೊಲದ ಕೂಲಿ ಬಿಟ್ಟು ಆಕೆ ಪಟ್ಟಣದ ಕಚೇರಿಯೊಂದಕ್ಕೆ ಬಂದಳು. ಹೊರಗೆ ಬೇವಿನ ಮರದಡಿ ಕುಳಿತಿದ್ದವನು ಅರ್ಜಿ ಬರೆದುಕೊಟ್ಟ. ಏನು ಬರೆದನೆಂದು ಓದಿ ಹೇಳಲಿಲ್ಲ. ಕೇಳುವ ಧೈರ್ಯ ಆಕೆಗೂ ಇರಲಿಲ್ಲ. ಹೆಬ್ಬೆಟ್ಟು ಒತ್ತಿ ಕಾಗದವನ್ನು ಮೇಜಿನ ಮೇಲಿಟ್ಟು ಬಂದಳು. ಕೆಲವು ದಿನಗಳ ಮೇಲೆ ವಿಚಾರಿಸಿದಾಗ, ‘ಅದು ಪಂಚಾಯತಿಗೆ ಸಂಬಂಧಿಸಿದ್ದು’ ಎಂದರು. ಪಂಚಾಯತಿಯಲ್ಲಿ, ‘ನಮಗೆ ಬಂದಿಲ್ಲ’ ಎಂದರು. ಕೊಟ್ಟದ್ದಕ್ಕೆ ಗುರುತೇನೆಂದರೆ ಆಕೆಯ ಬಳಿ ಇದ್ದದ್ದು ಬೆರಳಿನ ಮಸಿಯೊಂದೇ. ಅದೂ ಅಷ್ಟರಲ್ಲಿ ಅಳಿಸಿಹೋಗಿತ್ತು. ಯಾರೂ ಆಕೆಯನ್ನು ಬೈಯಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಆದರೂ ಮೂರು ದಿನಗಳ ಕೂಲಿ ಹೋಯಿತು. ಯಾರೂ ಕದಿಯದೆ ಕಳುವಾದ ಸ್ವತ್ತು ಅದು.

ಅರ್ಜಿ ಎಂಬ ಮಾತು ಅರಬ್ಬೀ ಮೂಲದ್ದು, ಪಾರಸಿಯ ಮಾರ್ಗವಾಗಿ ಕನ್ನಡಕ್ಕೆ ಬಂದದ್ದು. ಮುಂದಿಡುವುದು, ನಿವೇದಿಸುವುದು ಎಂದು ಅದರ ಅರ್ಥ. ಆದಿಲಶಾಹಿಯ ಕಾಲದಿಂದ ಈ ನಾಡು ಪರಭಾಷೆಯ ದಫ್ತರಗಳನ್ನು ಕಂಡಿದೆ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಗೆ ಮೇಲುಗೈಯಿತ್ತು. ೧೯೫೬ರ ನವೆಂಬರ್ ೧ರಂದು ವಿಜಾಪುರ ಜಿಲ್ಲೆ ಕನ್ನಡ ರಾಜ್ಯದೊಳಗೆ ಸೇರಿತು. ೧೯೬೩ರಲ್ಲಿ ರಾಜಭಾಷಾ ಅಧಿನಿಯಮ ಬಂದಿತು. ಈಚಿನ ವರ್ಷಗಳಲ್ಲಿ ದೇವರಹಿಪ್ಪರಗಿ, ಆಲಮೇಲಗಳು ಸಿಂದಗಿಯಿಂದ ಬೇರ್ಪಟ್ಟು ತಾಲೂಕುಗಳಾದವು. ಭಾಷೆ ತನ್ನದಾಯಿತು, ದಾರಿ ಹತ್ತಿರವಾಯಿತು. ಬರೆಯಲಾರದವಳಿಗೆ ಮಾತ್ರ ಮೇಜು ದೂರವಾಗಿಯೇ ಉಳಿಯಿತು.

ಈ ದೂರವನ್ನು ತಗ್ಗಿಸುವ ಬಗೆ ನಮ್ಮ ಕಾನೂನಿಗೆ ತಿಳಿಯದ್ದೇನಲ್ಲ. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ೬ನೆಯ ಪ್ರಕರಣವನ್ನು ನೋಡಬಹುದು. ಬರೆಯಲಾರದವನು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯ. ಏಕೆ ಬೇಕೆಂದು ಕಾರಣ ಕೇಳುವಂತಿಲ್ಲ. ಅರ್ಜಿ ತಪ್ಪು ಕಚೇರಿಗೆ ಬಂದಿದ್ದರೆ ೫ ದಿನಗಳೊಳಗೆ ಸರಿಯಾದ ಕಚೇರಿಗೆ ಕಳುಹಿಸಿ, ಅರ್ಜಿದಾರನಿಗೆ ತಿಳಿಸಬೇಕು. ಅರಿಯದಿರುವುದು ಅಪರಾಧವಲ್ಲವೆಂಬ ಭಾವನೆ ಈ ನಿಯಮದ ಹಿಂದಿದೆ.

ಕರ್ನಾಟಕದ ‘ಸಕಾಲ’ ಇನ್ನೊಂದು ಹೆಜ್ಜೆ. ೨೦೧೧ರ ಅಧಿನಿಯಮದಂತೆ ಅದು ೨೦೧೨ರ ಏಪ್ರಿಲ್ ೨ರಂದು ೧೧ ಇಲಾಖೆಗಳ ೧೫೧ ಸೇವೆಗಳೊಡನೆ ರಾಜ್ಯದಾದ್ಯಂತ ಆರಂಭವಾಯಿತು. ಅರ್ಜಿ ಕೊಟ್ಟವನಿಗೆ ಸಂಖ್ಯೆಯಿರುವ ಸ್ವೀಕೃತಿ ಪತ್ರ ದೊರೆಯಬೇಕು. ಗೊತ್ತುಪಡಿಸಿದ ಅವಧಿ ಮೀರಿದರೆ ದಿನಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯವರೆಗೆ ಪರಿಹಾರ ಸಲ್ಲಬೇಕು. ಅದು ತಪ್ಪಿತಸ್ಥ ಅಧಿಕಾರಿಯಿಂದಲೇ ವಸೂಲಾಗಬೇಕು. ಮೊತ್ತ ಅಲ್ಪವಾದರೂ ಬಡವನ ದಿನಕ್ಕೂ ಬೆಲೆಯುಂಟೆಂದು ಸರಕಾರ ಒಪ್ಪಿಕೊಂಡಂತಾಯಿತು. ಆದರೆ ಸಕಾಲದ ಪಟ್ಟಿಯಲ್ಲಿಲ್ಲದ ಅಹವಾಲಿಗೆ ಈ ರಕ್ಷಣೆಯಿಲ್ಲ.

ಮಾಹಿತಿ ಕೇಳುವವನಿಗೆ ಸಲ್ಲುವ ಸೌಜನ್ಯ, ಗೋಡೆ ಕುಸಿಯುತ್ತಿದೆಯೆನ್ನುವವಳಿಗೂ ಏಕೆ ಸಲ್ಲಬಾರದು? ಬಾಯಿಮಾತನ್ನು ಬರೆದುಕೊಳ್ಳುವುದು, ಬರೆದದ್ದನ್ನು ಓದಿ ಹೇಳುವುದು, ಸ್ವೀಕೃತಿ ಕೊಡುವುದು, ಮತ್ತೆ ಬರಬೇಕಾದ ದಿನವನ್ನು ತಿಳಿಸುವುದು: ಈ ನಾಲ್ಕಕ್ಕೆ ಬೇಕಾದುದು ಒಂದು ರಶೀದಿ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ. ಇನ್ನು, ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ಗ್ರಾಮಸಭೆಯಿದೆ. ಅಲ್ಲಿ ಅಹವಾಲು ಹೇಳಲು ಅಕ್ಷರ ಬೇಡ, ನಾಲಗೆ ಸಾಕು. ಆಡಿದ ಮಾತು ನಡವಳಿಯ ಪುಸ್ತಕದಲ್ಲಿ ದಾಖಲಾಯಿತೆ ಎಂಬುದನ್ನು ಮಾತ್ರ ಬಲ್ಲವರು ನೋಡಿಕೊಳ್ಳಬೇಕು.

ಆ ವಿಧವೆಗೆ ಕೊನೆಗೆ ನೆರವಾದವನು ನೆರೆಮನೆಯ ಶಾಲಾ ಹುಡುಗ. ಆಕೆ ಹೇಳಿದಂತೆಯೇ ಎರಡು ಪ್ರತಿ ಬರೆದು ಓದಿ ಕೇಳಿಸಿದ. ‘ಗೋಡೆ ಮೂಡಣ ದಿಕ್ಕಿನದು, ಅದನ್ನೂ ಬರೆ’ ಎಂದು ಆಕೆ ತಿದ್ದಿದಳು. ತನ್ನ ಅರ್ಜಿಯಲ್ಲಿ ತನ್ನ ಮಾತನ್ನು ಆಕೆ ಕೇಳಿದ್ದು ಅದೇ ಮೊದಲು. ಪಂಚಾಯತಿಯ ಮುದ್ರೆ ಬಿದ್ದ ಎರಡನೆಯ ಪ್ರತಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಚರಂಡಿಯಾಗಲು ಇನ್ನೊಂದು ಮಳೆಗಾಲ ಕಳೆಯಬೇಕಾಯಿತು. ಆದರೆ ಮುಂದಿನ ಸಲ ಆಕೆ ಮೇಜಿನ ಮುಂದೆ ನಿಂತಾಗ ಬೇಡಲಿಲ್ಲ. ಕಾಗದವನ್ನು ಬಿಚ್ಚಿ ತೋರಿಸಿದಳು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಮೊದಲಿನ ಮೂರಕ್ಕೆ ನಮ್ಮ ಕುಟುಂಬಗಳೂ ಟ್ರಸ್ಟುಗಳೂ ಕೈ ನೀಡುತ್ತಲೇ ಬಂದಿವೆ. ವಾರಕ್ಕೊಂದು ಹೊತ್ತು ಬಸದಿಯ ಜಗಲಿಯಲ್ಲಿ ಕುಳಿತು, ಯಾವ ಜಾತಿಯವರೇ ಬರಲಿ, ಅವರ ಅಹವಾಲನ್ನು ಅವರ ಮಾತಿನಲ್ಲೇ ಬರೆದುಕೊಟ್ಟರೆ ನಾಲ್ಕನೆಯದೂ ನಡೆದೀತು. ಕಚೇರಿಯ ಹೊಸ್ತಿಲಲ್ಲಿ ನಡುಗುವವನ ಭಯವೂ ಭಯವೇ ತಾನೆ?