ಮಂಡಿಯ ಮೇಲಿನ ಆರೋಪ

ಸಂಸ್ಕೃತದಲ್ಲಿ ಮಂಡಿಗೆ ಜಾನುವೆಂದು ಹೆಸರು. ಕಾವ್ಯಗಳಲ್ಲಿ ಆಜಾನುಬಾಹುಗಳಾದ ವೀರರು ಎಷ್ಟೋ ಮಂದಿ ಸಿಕ್ಕುತ್ತಾರಾದರೂ ಅಲ್ಲಿ ವರ್ಣನೆಯೆಲ್ಲ ಬಾಹುವಿನದು. ಜಾನು ಕೇವಲ ಅಳತೆಯ ಗುರುತು. ವೈದ್ಯರು ಮಾತ್ರ ಅದನ್ನು ಗಮನಿಸಿದರು. ತೊಡೆಯೂ ಜಂಘೆಯೂ ಕೂಡುವ ಈ ಸಂಧಿಯನ್ನು ಸುಶ್ರುತನು ಮರ್ಮಗಳ ಸಾಲಿನಲ್ಲಿ ಸೇರಿಸಿ, ಇಲ್ಲಿ ಪೆಟ್ಟು ಬಿದ್ದರೆ ಮನುಷ್ಯನು ಕುಂಟನಾಗುವನೆಂದು ಎಚ್ಚರಿಸಿದ್ದಾನೆ. ಊದಿಕೊಂಡ ಮಂಡಿಗೆ ನರಿಯ ತಲೆಯ ಹೋಲಿಕೆ ಕೊಟ್ಟು ಕ್ರೋಷ್ಟುಕಶೀರ್ಷವೆಂಬ ವ್ಯಾಧಿಯನ್ನು ಹೇಳಿದ್ದಾನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದ ನಮಗೆ ಇವೆಲ್ಲ ಕಂಠಸ್ಥವಾಗಿದ್ದುವು. ಮಂಡಿಯ ವಿಚಾರದಲ್ಲಿ ತೀರ್ಪು ಕೊಡಲು ಇಷ್ಟು ಸಾಕೆಂದು ನಾವು ತಿಳಿದುಕೊಂಡಿದ್ದೆವು. ಆ ತಿಳಿವಳಿಕೆಯ ಕಥೆಯೇ ಈ ಬರಹ.

ನಮ್ಮ ಸೊಸೆ ಬ್ಯಾಂಕಿನ ನೌಕರಿಯಲ್ಲಿರುವವಳು. ವಯಸ್ಸು ಮೂವತ್ತನಾಲ್ಕು, ಒಂದು ಮಗುವಿನ ತಾಯಿ. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಮೈ ಭಾರವಾಯಿತೆಂದು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಬೆಳಗಿನ ಜಾವ ಓಡತೊಡಗಿದಳು. ನಮ್ಮ ಮನೆಯವರು, “ಹಾಲು ಕಾಯಿಸುವುದಕ್ಕೆ ನಾನಿದ್ದೇನೆ, ನೀನು ಹೋಗಿ ಬಾರಮ್ಮ” ಎಂದು ಅವಳ ಪಕ್ಷ ವಹಿಸಿದರು. ಮೂರು ತಿಂಗಳು ಎಲ್ಲವೂ ಸುಖವಾಗಿ ನಡೆಯಿತು. ಆಮೇಲೆ ಹತ್ತು ಕಿಲೋಮೀಟರಿನ ಪಂದ್ಯವೊಂದಕ್ಕೆ ಹೆಸರು ಕೊಟ್ಟು, ಮೂರು ಕಿಲೋಮೀಟರಿನ ಓಟವನ್ನು ಎರಡೇ ವಾರದಲ್ಲಿ ಏಳಕ್ಕೆ ಏರಿಸಿದಳು. ಅದು ಸಾಲದೆಂಬಂತೆ ಭಾನುವಾರ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತಿದಳು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ, ನಂದಿಯ ಬಳಿ ಬರುವಷ್ಟರಲ್ಲಿ, ಬಲಮಂಡಿಯ ಚಿಪ್ಪಿನ ಹಿಂದೆ ಯಾರೋ ಒತ್ತಿದಂತೆ ನೋವು. ಮನೆಗೆ ಕುಂಟುತ್ತ ಬಂದಳು.

ನಾವು ಪತ್ರಿಕೆಯಿಂದ ತಲೆಯೆತ್ತದೆಯೇ ಹೇಳಿದೆವು: “ನೋಡಮ್ಮ, ಹೆಣ್ಣಿನ ಮಂಡಿ ಓಟಕ್ಕೆ ಆದದ್ದಲ್ಲ. ಇಲ್ಲಿಗೆ ಸಾಕುಮಾಡು.”

ಅವಳು ಕೋಪಿಸಿಕೊಳ್ಳಲಿಲ್ಲ. “ಹಾಗೆಂದು ಯಾರು ಹೇಳಿದ್ದಾರೆ, ಮಾವ?” ಎಂದು ಕೇಳಿದಳು, ಅಷ್ಟೆ.

ಯಾರು ಹೇಳಿದ್ದರು? ಸುಶ್ರುತನಂತೂ ಹೇಳಿಲ್ಲ. ನೆನಪಿನಲ್ಲಿ ಹುಡುಕಿದಂತೆಲ್ಲ ಆ ವಾಕ್ಯವನ್ನು ಹೇಳಿದ ಒಬ್ಬನೇ ಮನುಷ್ಯ ಸಿಕ್ಕಿದ, ಅವರು ನಾವೇ.

1994ರಲ್ಲಿ ನಾವೊಂದು ತಾಲ್ಲೂಕು ಊರಿನ ಶಾಲೆಯಲ್ಲಿದ್ದೆವು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುವಳು; ಓಡಲು ನಿಂತರೆ ಗಂಡುಹುಡುಗರೂ ಅವಳ ಹಿಂದೆ ಬೀಳುವರು. ಜಿಲ್ಲೆಯ ಪಂದ್ಯಕ್ಕೆ ಆರಿಸಿದ ಮೇಲೆ ದಿನಕ್ಕೆರಡು ಬಾರಿ ಓಡಿಸಿದರು. ಮಂಡಿ ನೋಯತೊಡಗಿತು. ಅವಳ ತಾಯಿ, ಓದಿದವರು ಹೇಳಿದಂತೆ ಮಾಡೋಣವೆಂದು, ನೇರವಾಗಿ ನಮ್ಮ ಬಳಿಗೆ ಬಂದರು. ನಾವು ಈಗ ಸೊಸೆಗೆ ಹೇಳಿದ ವಾಕ್ಯವನ್ನೇ ಅಂದು ಹೇಳಿದೆವು. ಆಕೆ ಕೈಮುಗಿದು ಹೋದರು. ಹುಡುಗಿ ಮತ್ತೆ ಮೈದಾನಕ್ಕೆ ಇಳಿಯಲಿಲ್ಲ.

ಸೊಸೆ ಕುಂಟುತ್ತ ಬರುವುದಕ್ಕೆ ಕೆಲವೇ ತಿಂಗಳ ಹಿಂದೆ, ಒಂದು ಮದುವೆಯ ಛತ್ರದಲ್ಲಿ ಆ ಹುಡುಗಿಯನ್ನು ಕಂಡಿದ್ದೆವು. ಈಗ ನಡುವಯಸ್ಸಿನ ಗೃಹಿಣಿ. ನಮಸ್ಕಾರ ಮಾಡಿ, ತನ್ನ ಹದಿಮೂರು ವರ್ಷದ ಮಗಳನ್ನೂ ಮಾಡಿಸಿ, ನಗುತ್ತ ಹೇಳಿದಳು: “ಇವಳೂ ನನ್ನ ಹಾಗೇ ಓಡುತ್ತಾಳೆ, ಮೇಷ್ಟ್ರೇ. ಹೋದ ವರ್ಷ ಮಂಡಿ ನೋವು ಅಂದಳು. ನೀವು ಅಮ್ಮನಿಗೆ ಹೇಳಿದ್ದು ಜ್ಞಾಪಕವಿತ್ತಲ್ಲ, ಬಿಡಿಸಿಬಿಟ್ಟೆ.” ನಮ್ಮ ಮಾತು ಇಷ್ಟು ವರ್ಷ ಬಾಳಿತೆಂದು ಆಗ ನಮಗೆ ಸಂತೋಷವೇ ಆಗಿತ್ತು. ಸೊಸೆಯ ಪ್ರಶ್ನೆಯಾದ ಮೇಲೆ ಆ ಸಂತೋಷ ಮುಳ್ಳಾಯಿತು.

ಇಂಥ ತೀರ್ಪು ಕೊಟ್ಟವರಲ್ಲಿ ನಾವು ಮೊದಲಿಗರಲ್ಲವೆಂಬುದನ್ನು ಓದಿ ತಿಳಿದೆವು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಬಾರಿಗೆ 800 ಮೀಟರಿನ ಓಟವಿತ್ತು. ಕೊನೆಯ ಸುತ್ತಿನಲ್ಲಿ ಓಡಿದವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ಲೋಕದಾಖಲೆಯನ್ನೇ ಸ್ಥಾಪಿಸಿದಳು. ಆದರೆ ಅನೇಕರು ದಾರಿಯಲ್ಲೇ ಕುಸಿದುಬಿದ್ದರೆಂದು ವೃತ್ತಪತ್ರಿಕೆಗಳು ಬರೆದುವು. ಆ ಓಟವನ್ನು ತೆಗೆದುಹಾಕಿದವರು ಮತ್ತೆ ಸೇರಿಸಿದ್ದು 1960ರಲ್ಲಿ, ರೋಮಿನಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಅದನ್ನು ಗೆದ್ದ ಅಮೆರಿಕದ ಜೋನ್ ಬೆನಾಯ್ಟ್ ಆ ವರ್ಷವೇ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹದಿನೇಳು ದಿನಗಳ ಮೇಲೆ ಆಯ್ಕೆಯ ಪಂದ್ಯದಲ್ಲಿ ಓಡಿ ಮೊದಲಿಗಳಾಗಿದ್ದಳು. ಈ ಸಾಹಸವನ್ನು ಯಾರೂ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಹೆಣ್ಣಿನ ಮಂಡಿ ಓಟಕ್ಕೆ ಆದದ್ದಲ್ಲವೆಂಬ ಸಿದ್ಧಾಂತಕ್ಕೆ ಅದು ಸಾಕಷ್ಟು ದೊಡ್ಡ ಅಪವಾದ.

ವೈದ್ಯರು ಪರೀಕ್ಷಿಸಿ, ಒಳಗೆ ಏನೂ ಮುರಿದಿಲ್ಲ, ಹರಿದಿಲ್ಲವೆಂದು ಹೇಳಿ ಸೊಸೆಯನ್ನು ಫಿಸಿಯೋಥೆರಪಿಗೆ ಕಳುಹಿಸಿದರು. ನಾವೂ ಜೊತೆಯಲ್ಲಿ ಹೋದೆವು. ಅಲ್ಲಿದ್ದಾಕೆ ನಮ್ಮ ಶಿಷ್ಯೆಯಾಗಬಹುದಾದ ವಯಸ್ಸಿನವರು. ಮೆಟ್ಟಿಲಿಳಿಯುವಾಗ ನೋವೆ? ಕುಕ್ಕರಗಾಲಿನಲ್ಲಿ ಕುಳಿತರೆ? ಬಹಳ ಹೊತ್ತು ಕುರ್ಚಿಯಲ್ಲಿ ಕುಳಿತು ಏಳುವಾಗ? ಮೂರಕ್ಕೂ ಸೊಸೆ ಹೌದೆಂದಳು. ಚಿಪ್ಪಿನ ಹಿಂದೆ ಮುಂದೆ ಬರುವ ಈ ನೋವು ಓಡುವವರಲ್ಲಿ ಅತ್ಯಂತ ಸಾಮಾನ್ಯವಂತೆ. ಆಮೇಲೆ ಆಕೆ ಸೊಸೆಯನ್ನು ಗಿಡ್ಡನೆಯ ಹಲಗೆಯ ಮೇಲೆ ನಿಲ್ಲಿಸಿ, ಒಂಟಿಕಾಲಿನ ಬಲದಿಂದ ಮೆಲ್ಲಗೆ ಇಳಿಯಹೇಳಿದರು. ಇಳಿಯುವಾಗ ಸೊಂಟ ಒಂದು ಕಡೆ ವಾಲಿತು. ತೊಡೆ ಒಳಕ್ಕೆ ಹೊರಳಿತು. ಮಂಡಿ ಹೆಬ್ಬೆರಳಿನ ಒಳಬದಿಗೆ ಬಾಗಿತು. ನಮ್ಮ ಕಣ್ಣಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಇದರ ಅರ್ಥವನ್ನು ನಾವು ಗ್ರಹಿಸಿದ್ದು ಹೀಗೆ. ತೊಡೆಯೆಲುಬಿನ ತುದಿಯಲ್ಲಿ ಒಂದು ಜಾಡು ಉಂಟು. ಮಂಡಿಚಿಪ್ಪು ಅದರಲ್ಲಿ ಮೇಲೆ ಕೆಳಗೆ ಜಾರುತ್ತದೆ. ಬಾವಿಯ ರಾಟೆಯೂ ಹಗ್ಗವೂ ಇದ್ದಂತೆ ಎನ್ನಿ. ಹಗ್ಗ ಅಂಚಿಗೆ ಉಜ್ಜಿ ಸವೆಯತೊಡಗಿದರೆ ಹಗ್ಗವನ್ನೇ ಬೈಯುತ್ತೇವೆ. ನೋಡಿದರೆ ವಾಲಿಕೊಂಡಿರುವುದು ರಾಟೆ. ಹಾಗೆಯೇ ಕಾಲಿನ ಮೇಲೆ ಭಾರ ಬಿದ್ದಾಗ ಅನೇಕ ವೇಳೆ ಚಿಪ್ಪು ಜಾಡಿನಿಂದ ಸರಿಯುವುದಲ್ಲ. ಚಿಪ್ಪಿನ ಅಡಿಯಲ್ಲಿ ತೊಡೆಯೆಲುಬೇ ತಿರುಗುತ್ತದೆ. ಆ ಎಲುಬನ್ನು ನೆಟ್ಟಗೆ ಹಿಡಿದಿರಬೇಕಾದವು ಸೊಂಟದ ಪಕ್ಕದ ಮತ್ತು ಹಿಂಭಾಗದ ಸ್ನಾಯುಗಳು. ನೋವು ಮಂಡಿಯದಾದರೂ ಚಿಕಿತ್ಸೆ ಸೊಂಟಕ್ಕೂ ಬೇಕೆಂಬುದು ಇದರಿಂದ ಹೊರಟ ತಾತ್ಪರ್ಯ.

ನಾವು ಸುಲಭವಾಗಿ ಸೋಲೊಪ್ಪಲಿಲ್ಲ. “ಹೆಂಗಸರಿಗೆ ಸೊಂಟ ಅಗಲ, ತೊಡೆಯೆಲುಬು ಓರೆಯಾಗಿ ಇಳಿಯುತ್ತದೆ, ಅದರಿಂದಲೇ ಅಲ್ಲವೆ?” ಎಂದೆವು. ಆಕೆ ಹೇಳಿದರು: “ಈ ನೋವು ಹೆಂಗಸರಲ್ಲಿ ಹೆಚ್ಚೆಂಬುದು ನಿಜ, ಸಾರ್. ಆದರೆ ಆ ಓರೆಯನ್ನು ಅಳೆದು, ಯಾರಿಗೆ ನೋವು ಬರುತ್ತದೆ ಯಾರಿಗೆ ಇಲ್ಲ ಎಂದು ಹೇಳುವುದಕ್ಕೆ ಆಗಿಲ್ಲ. ಸೊಂಟ ಅಗಲವಿರುವ ಎಷ್ಟೋ ಮಂದಿ ನೋವಿಲ್ಲದೆ ಓಡುತ್ತಾರೆ. ಎಲುಬನ್ನು ಬದಲಾಯಿಸಲಾರೆವು, ಭಾರವನ್ನು, ಬಲವನ್ನು, ಹೆಜ್ಜೆಯನ್ನು ಬದಲಾಯಿಸಬಹುದು.”

ಈ ಮೂರು ಪದಗಳಲ್ಲಿ ಚಿಕಿತ್ಸೆಯೆಲ್ಲ ಅಡಗಿತ್ತು.

ಮೊದಲನೆಯದು ಭಾರ. ಎರಡು ವಾರದಲ್ಲಿ ಮೂರನ್ನು ಏಳು ಮಾಡಿದ್ದೇ ನೋವಿನ ಮೂಲ. ಪೂರ್ತಿ ನಿಲ್ಲಿಸಬೇಕಾಗಿಲ್ಲ, ಇಳಿಜಾರನ್ನೂ ಮೆಟ್ಟಿಲನ್ನೂ ಕೆಲವು ಕಾಲ ಬಿಟ್ಟು, ದೂರವನ್ನು ತಗ್ಗಿಸಿ ಓಡಬೇಕು. ಓಡುವಾಗ ನೋವು ಹತ್ತರಲ್ಲಿ ಎರಡಂಶವನ್ನು ಮೀರಕೂಡದು. ಓಟ ಮುಗಿದ ಒಂದು ಗಂಟೆಯೊಳಗೆ ಮೊದಲಿನಂತಾಗಬೇಕು. ಕೆನಡಾದಲ್ಲಿ ಇಂಥ ನೋವಿದ್ದ 69 ಮಂದಿ ಓಟಗಾರರನ್ನು ಮೂರು ಗುಂಪು ಮಾಡಿ ಎಂಟು ವಾರ ಪರೀಕ್ಷಿಸಿದರಂತೆ. ಭಾರವನ್ನು ಹೊಂದಿಸಿಕೊಳ್ಳುವ ತಿಳಿವಳಿಕೆಯನ್ನು ಮಾತ್ರ ಪಡೆದವರೂ, ಅದರ ಜೊತೆಗೆ ವ್ಯಾಯಾಮವನ್ನೋ ಹೆಜ್ಜೆಯ ಶಿಕ್ಷಣವನ್ನೋ ಪಡೆದವರೂ ಸರಿಸುಮಾರು ಒಂದೇ ಸಮನಾಗಿ ಗುಣಹೊಂದಿದರೆಂದು 2018ರಲ್ಲಿ ಪ್ರಕಟವಾಯಿತು. ತಿಳಿವಳಿಕೆಯೂ ಒಂದು ಔಷಧವೆಂಬುದು ಉಪಾಧ್ಯಾಯರಿಗೆ ಹಿತವಾದ ಮಾತು. 1994ರಲ್ಲಿ ನಾವು ಕೊಡದೆಹೋದದ್ದು ಅದನ್ನೇ.

ಎರಡನೆಯದು ಬಲ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು. ಊಟದ ಮಣೆಯ ಮೇಲೆ ನಿಂತು, ಮಂಡಿಯನ್ನು ಒಳಕ್ಕೆ ವಾಲಗೊಡದೆ, ಒಂದೊಂದೇ ಕಾಲಿನಿಂದ ಮೆಲ್ಲಗೆ ಇಳಿಯುವುದು. ಖರ್ಚಿಲ್ಲದ ಈ ವ್ಯಾಯಾಮಗಳನ್ನು ದಿನ ಬಿಟ್ಟು ದಿನ ಮಾಡಿದರೆ ಹಲವು ವಾರಗಳಲ್ಲಿ ಫಲ ಕಾಣುತ್ತದೆ.

ಮೂರನೆಯದು ಹೆಜ್ಜೆ. ಸೊಸೆ ನೀಳವಾದ ಹೆಜ್ಜೆಯಿಟ್ಟು ಓಡುವಳು. ಪಾದ ಮೈಗಿಂತ ಬಹಳ ಮುಂದೆ ಊರುತ್ತಿತ್ತು. ವೇಗವನ್ನು ಬದಲಾಯಿಸದೆ ನಿಮಿಷದ ಹೆಜ್ಜೆಗಳನ್ನು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚಿಸಿದರೆ ಪಾದ ಮೈಯಡಿಗೇ ಬಂದು, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ತಗ್ಗುತ್ತದೆ. ಎಣಿಸುವ ಕೆಲಸವನ್ನು ನಾವೇ ಕೇಳಿ ವಹಿಸಿಕೊಂಡೆವು. ಕೆರೆಯ ದಾರಿಯ ಕಲ್ಲುಬೆಂಚಿನ ಮೇಲೆ ಗಡಿಯಾರ ಹಿಡಿದು ಕುಳಿತು, ಲಘುಗುರುಗಳನ್ನು ಎಣಿಸಿದ ಬೆರಳುಗಳಲ್ಲಿ ಸೊಸೆಯ ಹೆಜ್ಜೆಗಳನ್ನು ಎಣಿಸಿದೆವು. ಮೊದಲ ದಿನ ಅರ್ಧ ನಿಮಿಷಕ್ಕೆ 78. ತಿಂಗಳ ಮೇಲೆ 83. ಅವಳು ಹಾದುಹೋಗುವಾಗ, “ಎಷ್ಟಾಯ್ತು ಮಾವ?” ಎಂದು ಕೂಗುವಳು, ನಾವು ತರಗತಿಯ ಗಂಟಲಿನಲ್ಲಿ ಉತ್ತರ ಕೂಗುವೆವು.

ಓಡಿದರೆ ಮಂಡಿ ಸವೆದು ಮುದಿತನದಲ್ಲಿ ಕೂರುವಂತಾಗುವುದೆಂದು ಮನೆಯ ಹಿರಿಯರು ಹೆದರುವುದುಂಟು. ಅವರಿಗೊಂದು ಮಾತು. 2017ರಲ್ಲಿ ಅನೇಕ ಪರಿಶೀಲನೆಗಳನ್ನು ಒಟ್ಟುಮಾಡಿ ನೋಡಿದಾಗ, ಸೊಂಟ ಮಂಡಿಗಳ ಸಂಧಿವಾತ, ಆರೋಗ್ಯಕ್ಕಾಗಿ ಓಡುವವರಲ್ಲಿ ನೂರಕ್ಕೆ 3.5ರಷ್ಟೂ, ಓಡದೆ ಕುಳಿತವರಲ್ಲಿ 10ರಷ್ಟೂ ಕಂಡುಬಂತು. ಪಂದ್ಯಕ್ಕಾಗಿ ಅತಿಯಾಗಿ ಓಡುವವರಲ್ಲಿ ಮಾತ್ರ 13ರಷ್ಟಿತ್ತು. ಅತಿ ಸರ್ವತ್ರ ವರ್ಜ್ಯವೆಂಬುದು ಓಟಕ್ಕೂ ಸಲ್ಲುತ್ತದೆ, ಕುರ್ಚಿಗೂ ಸಲ್ಲುತ್ತದೆ. ಆದರೆ ಮಂಡಿ ಊದಿಕೊಂಡರೆ, ಮಡಿಸಲಾರದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಬೆಳೆಯುವ ಮಕ್ಕಳ ಮಂಡಿನೋವಿಗೆ ಬೇರೆ ಕಾರಣಗಳೂ ಇರುತ್ತವಾದ್ದರಿಂದ ಅವರನ್ನಂತೂ ಮೊದಲು ತೋರಿಸಲೇಬೇಕು.

ಸೊಸೆ ನಾಲ್ಕು ತಿಂಗಳಲ್ಲಿ ಆರು ಕಿಲೋಮೀಟರಿಗೆ ಮರಳಿದ್ದಾಳೆ. ಬೆಟ್ಟವನ್ನು ಹತ್ತುತ್ತಾಳೆ; ಇಳಿಯುವುದಕ್ಕೆ ಸದ್ಯಕ್ಕೆ ಬಸ್ಸು.

ನಮಗೆ ಇನ್ನೊಂದು ಕೆಲಸ ಉಳಿದಿತ್ತು. ಛತ್ರದಲ್ಲಿ ಕಂಡ ಶಿಷ್ಯೆಯ ವಿಳಾಸವನ್ನು ಸಂಪಾದಿಸಿ ಒಂದು ಕಾಗದ ಬರೆದೆವು. 1994ರಲ್ಲಿ ನಾವು ನಿಮ್ಮ ತಾಯಿಗೆ ಹೇಳಿದ್ದು ತಿಳಿದು ಹೇಳಿದ ಮಾತಲ್ಲ. ತಿಳಿದವರಂತೆ ಹೇಳಿದ ಮಾತು. ನಿಮಗೆ ಬೇಕಾಗಿದ್ದುದು ಕೆಲವು ವಾರಗಳ ಮಿತಿ; ನಾವು ಕೊಟ್ಟದ್ದು ಜನ್ಮಕ್ಕೆಲ್ಲ ನಿಷೇಧ. ಮಗಳನ್ನು ವೈದ್ಯರಿಗೆ ತೋರಿಸಿ, ಅವರು ಒಪ್ಪಿದರೆ ಓಡಗೊಡಿ, ಎಂದು ಬರೆದು, ಮಣೆಯ ವ್ಯಾಯಾಮವನ್ನೂ ವಿವರಿಸಿದೆವು. ಮೂವತ್ತು ವರ್ಷ ಇತರರ ತಪ್ಪುಗಳನ್ನು ತಿದ್ದಿದ ಕೈಗೆ ಆ ಒಂದು ಪುಟ ಬರೆಯಲು ಮೂರು ದಿನ ಹಿಡಿಯಿತು.

ಹದಿನೈದು ದಿನಗಳ ಮೇಲೆ ಉತ್ತರ ಬಂತು. ಕ್ಷೇಮಸಮಾಚಾರವಾದ ಮೇಲೆ ಕೊನೆಯಲ್ಲಿ ಎರಡೇ ಸಾಲು: “ಡಾಕ್ಟರಿಗೆ ತೋರಿಸಿದೆವು, ಓಡಬಹುದು ಅಂದರು. ಅಟ್ಟದ ಮೇಲಿದ್ದ ಅಮ್ಮನ ಕಾಲದ ಮಣೆ ಇಳಿಸಿದ್ದೇನೆ, ಮೇಷ್ಟ್ರೇ. ಮಗಳು ಇಳಿದ ಮೇಲೆ ನಾನೂ ಒಂದು ಹತ್ತು ಸಲ ಹತ್ತಿ ಇಳಿಯುತ್ತೇನೆ.”